ಅರಿವಳಿಕೆ ಚುಚ್ಚುಮದ್ದಿನ ಉರಿ ತಪ್ಪಿಸಬಹುದು

ಮಾನ್ಯರೇ,

ಶಸ್ತ್ರಚಿಕಿತ್ಸೆಗೆ ಮುನ್ನ ಪ್ರಜ್ಞೆ ತಪ್ಪಿಸಲು ಕೊಡುವ, ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ರಕ್ತನಾಳಕ್ಕೆ ಇಳಿಯುತ್ತಿದ್ದಂತೆ ಕೈ ಉರಿಯುತ್ತದೆ. ಮುಂಜಾಗ್ರತೆ ವಹಿಸದಿದ್ದರೆ ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ಹೀಗಾಗುತ್ತದೆ. ‘ಹೇಗೂ ಈಗಲೇ ನಿದ್ದೆ ಬರುತ್ತದಲ್ಲ’ ಎಂಬ ಉದಾಸೀನ ಸರಿಯಲ್ಲ.

ಮೊದಲು ನೋಡಬೇಕಾದದ್ದು ಸೂಜಿಯ ಜಾಗ. ಅಂಗೈ ಹಿಂಬದಿಯ ಸಣ್ಣ ನಾಳದಲ್ಲಿ ಔಷಧ ಗೋಡೆಗೆ ನೇರ ತಾಗುತ್ತದೆ. ಮೊಣಕೈ ಮಡಿಕೆಯ ದೊಡ್ಡ ನಾಳದಲ್ಲಿ ರಕ್ತದೊಡನೆ ಬೇಗ ಬೆರೆತು ತೆಳುವಾಗುತ್ತದೆ. (ಕೈ ಮಡಚಿದರೆ ಡ್ರಿಪ್ ನಿಲ್ಲುತ್ತದೆಂದು ಆ ಜಾಗ ಕೆಲವರಿಗೆ ಹಿಡಿಸದು.)

ಅಲ್ಲಿ ನಾಳ ಸಿಗದಿದ್ದರೆ, ಕೊಟ್ಟ ಜಾಗವನ್ನು ಮರಗಟ್ಟಿಸುವ ಔಷಧ ಲಿಡೊಕೇನ್ ಇದೆ. ವಯಸ್ಕರಿಗೆ ಸಾಮಾನ್ಯವಾಗಿ 40 ಮಿ.ಗ್ರಾಂ, ಅಂದರೆ ಶೇ 2ರ ದ್ರಾವಣ 2 ಮಿ.ಲೀ. ಡ್ರಿಪ್ ನಿಲ್ಲಿಸಿ, ಮುಂದೋಳಿಗೆ ಪಟ್ಟಿ ಬಿಗಿದು, ಲಿಡೊಕೇನ್ ಕೊಟ್ಟು, ಸುಮಾರು ಒಂದು ನಿಮಿಷ ಕಾಯಬೇಕು. ಪಟ್ಟಿ ಬಿಚ್ಚಿದ ಮೇಲೆಯೇ ಪ್ರೊಪೊಫಾಲ್. ಎಡವುವುದು ಈ ಕಾಯುವ ಹಂತದಲ್ಲೇ. ಪಟ್ಟಿಯಿಲ್ಲದೆ ಅವಸರದಲ್ಲಿ ಕೊಟ್ಟ ಲಿಡೊಕೇನ್ ರಕ್ತದೊಡನೆ ಹರಿದುಹೋಗುತ್ತದೆ, ನಾಳದ ಗೋಡೆ ಮರಗಟ್ಟಲು ಹೊತ್ತೇ ಸಿಗುವುದಿಲ್ಲ.

ಎರಡನ್ನೂ ಒಂದೇ ಸಿರಿಂಜಿನಲ್ಲಿ ಬೆರೆಸುವ ರೂಢಿಯೂ ಇದೆ. 200 ಮಿ.ಗ್ರಾಂ ಪ್ರೊಪೊಫಾಲಿಗೆ 20 ಮಿ.ಗ್ರಾಂ ಲಿಡೊಕೇನ್ ಸಾಕು, ಅದೂ ಕೊಡುವ ಮುನ್ನವಷ್ಟೇ. ಹೆಚ್ಚು ಬೆರೆಸಿ ಇಟ್ಟರೆ ಪ್ರೊಪೊಫಾಲಿನಲ್ಲಿರುವ ಎಣ್ಣೆಯ ಹನಿಗಳು ಒಂದಕ್ಕೊಂದು ಕೂಡಿ ದೊಡ್ಡದಾಗುತ್ತವೆ. ಆ ಬದಲಾವಣೆ ಕಣ್ಣಿಗೆ ಕಾಣದೆಯೂ ಇರಬಹುದು.

ಲಿಡೊಕೇನ್ ಅಲರ್ಜಿ, ಹೃದಯಬಡಿತದ ತೊಂದರೆ ಇರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಉರಿ ಶುರುವಾದರೆ ಸುಮ್ಮನಿರದೆ ಹೇಳಬೇಕು: ಸೂಜಿ ನಾಳದಿಂದ ಜಾರಿದ್ದರೂ ನೋವು ಹಾಗೆಯೇ ಇರುತ್ತದೆ.

– ಅರಿವಳಿಕೆ ತಜ್ಞರು