ಮರಳುಹುಲಿ ಎಮ್ಮೆಯಷ್ಟು ದೊಡ್ಡದು ಬೇಡ

ಮಡಗಾಂವ್

ಪ್ರೀತಿಯ ಗೆಳೆಯಾ,

ನಾವಿಬ್ಬರೂ ಸೇರಿ ಕಲ್ಪಿಸುತ್ತಿರುವ ದ್ವೀಪಲೋಕದ ಕಡಲತೀರಕ್ಕೆ ನೀನು ಬಿಡಿಸಿದ ಬೇಟೆಗಾರನನ್ನು ನೋಡಿದೆ. ಮನುಷ್ಯರು ಅಳಿದು 50 ಲಕ್ಷ ವರ್ಷ ಆದಮೇಲೆ, ನಮ್ಮ ಮರಳಿನ ಏಡಿಗಳ ವಂಶದಲ್ಲೇ ಹುಟ್ಟಿದ ಮರಳುಹುಲಿ. ಹೆಸರು ಕೇಳಿಯೇ ಖುಷಿಯಾಯಿತು. ಆದರೆ ಎಮ್ಮೆಯಷ್ಟು ಗಾತ್ರ ಬೇಡ ಕಣೋ.

ಏಡಿ ಬೆಳೆಯಬೇಕಾದರೆ ಹಳೇ ಚಿಪ್ಪು ಕಳಚಲೇಬೇಕು. ಹೊಸದು ಗಟ್ಟಿಯಾಗುವ ತನಕ ಮೈಯೆಲ್ಲ ಮೆತ್ತಗೆ. ನೀರೊಳಗಾದರೆ ನೀರೇ ಮೈಯನ್ನು ಹೊರುತ್ತದೆ, ನೆಲದ ಮೇಲೆ ಹೊರುವವರು ಯಾರು? ಎಮ್ಮೆ ಗಾತ್ರದ ಏಡಿ ತನ್ನ ಭಾರಕ್ಕೇ ಕುಸಿಯುತ್ತದೆ. ಈಗಿರುವ ನೆಲದ ಏಡಿಗಳಲ್ಲಿ ತೆಂಗಿನ ಏಡಿಯೇ ದೊಡ್ಡದು. ಸುಮಾರು 4 ಕಿಲೋ ತೂಕ, ಕಾಲು ಚಾಚಿದರೆ ಹೆಚ್ಚುಕಮ್ಮಿ 1 ಮೀಟರ್. ನಮ್ಮದೂ ಅಷ್ಟೇ ಇರಲಿ. ಕೈಯಷ್ಟು ಉದ್ದದ ಇಕ್ಕಳ ಇದ್ದರೆ ಹೆದರಿಕೆಗೆ ಅಷ್ಟು ಸಾಕು.

ನನಗೆ ಇಷ್ಟವಾಗಿದ್ದು ಮರಳಿನ ಏಡಿಯ ಉಸಿರು. ಅಗೋಂದ ಬೀಚಿನಲ್ಲಿ ಸಂಜೆ ಸುಮ್ನೆ ಕೂತು ನೋಡು. ಬಿಳಿಚು ಬಣ್ಣದ ಏಡಿ ಬಿಲದಿಂದ ಒಂದು ಹಿಡಿ ಒದ್ದೆ ಮರಳನ್ನು ಅವಚಿಕೊಂಡು ಅಡ್ಡಡ್ಡ ಬರುತ್ತದೆ. ಸ್ವಲ್ಪ ದೂರಕ್ಕೆ ಎಸೆದು ಕಡ್ಡಿಯಂಥ ಕಣ್ಣು ನಿಮಿರಿಸಿ ಸುತ್ತ ನೋಡುತ್ತದೆ. ನೀನು ಕೈ ಅಲ್ಲಾಡಿಸಿದರೆ ಒಂದೇ ನೆಗೆತಕ್ಕೆ ಒಳಗೆ. ಅದು ಉಸಿರಾಡುವುದು ಕಿವಿರಿನಲ್ಲೇ. ಕಿವಿರು ಒಣಗಿದರೆ ಕತೆ ಮುಗೀತು. ಹಾಗಂತ ನೀರಿನಲ್ಲಿ ಮುಳುಗಿಸಿಟ್ಟರೂ ಬಹಳ ಹೊತ್ತು ಬಾಳುವುದಿಲ್ಲ. ಕಾಲಿನ ಬುಡದಲ್ಲಿರುವ ಕೂದಲಿನಿಂದ ಒದ್ದೆ ಮರಳಿನ ನೀರು ಹೀರಿ ಕಿವಿರಿಗೆ ಕೊಡುತ್ತದೆ. ಎಂಥಾ ಚಂದದ ಉಪಾಯ ಅಲ್ವಾ!

ಮರಳುಹುಲಿಯ ಇಡೀ ಬದುಕನ್ನು ಇದರ ಮೇಲೇ ಕಟ್ಟೋಣ ಅನ್ನುತ್ತೇನೆ. ಅದರ ರಾಜ್ಯ ಎಂದರೆ ಒದ್ದೆ ಮರಳಿನ ಒಂದು ಪಟ್ಟಿ. ಭರತ ಬಂದಾಗ ಆ ಪಟ್ಟಿ ಮೇಲೆ ಸರಿಯುತ್ತದೆ, ಇಳಿತಕ್ಕೆ ಕೆಳಗೆ. ಒಣ ಮರಳಿನಲ್ಲಿ ಜಾಸ್ತಿ ಅಟ್ಟಿಸಿಕೊಂಡು ಹೋದರೆ ಉಸಿರು ಕಟ್ಟುತ್ತದೆ. ಆದ್ದರಿಂದ ಅದು ಮರಳಲ್ಲಿ ಹೂತುಕೊಂಡು ಕಣ್ಣಷ್ಟೇ ಹೊರಗಿಟ್ಟು ಕಾಯುತ್ತದೆ. ಬಳಿ ಬಂದವರ ಹೆಜ್ಜೆಯ ಅದುರು ಕಾಲಿಗೆ ತಾಗುತ್ತದೆ. ದೊಡ್ಡ ಇಕ್ಕಳ ಕಾಲನ್ನು ಹಿಡಿದು ಬಿಲಕ್ಕೆ ಎಳೆಯುತ್ತದೆ. ಊಟ ಕೆಳಗೆ, ತೇವದಲ್ಲಿ.

ಹಾರಲಾರದ ಕಡಲಹಕ್ಕಿಗಳು ಅಲೆ ತಾಗದ ಒಣ ದಿಬ್ಬದಲ್ಲಿ ಗೂಡು ಮಾಡಲಿ. ಸಾಮಾನ್ಯ ರಾತ್ರಿಗಳಲ್ಲಿ ಅವುಗಳ ಮರಿಗಳು ಕ್ಷೇಮ. ಆದರೆ ಅಮಾವಾಸ್ಯೆ, ಹುಣ್ಣಿಮೆಗೆ ಭರತ ಜಾಸ್ತಿ, ಒದ್ದೆ ಮರಳು ದಿಬ್ಬದ ಬುಡಕ್ಕೇ ಬರುತ್ತದೆ. ಅಮಾವಾಸ್ಯೆಯಲ್ಲಂತೂ ಕತ್ತಲೂ ಸೇರಿ ಮರಿಗಳಿಗೆ ದಾರಿಯೇ ಕಾಣದು. ತಿಂಗಳಿಗೆ ಎರಡು ಬೇಟೆಗಾಲ! ಇದನ್ನು ಆಕಾಶವೇ ಬರೆದುಕೊಡುತ್ತದೆ, ನಾವು ಕಟ್ಟಬೇಕಿಲ್ಲ. ಇಂದಿನ ಏಡಿಗಳೂ ಆಮೆಮರಿಗಳನ್ನು ಹಿಡಿದು ತಿನ್ನುತ್ತವೆ, ಆದ್ದರಿಂದ ಹಳೇ ಚಾಳಿಯೇ ಬೆಳೆದದ್ದು ಎಂದು ಯಾರಾದರೂ ನಂಬುತ್ತಾರೆ.

ಇನ್ನೊಂದು ತೊಡಕಿದೆ. ಹೆಣ್ಣು ಏಡಿ ಹೊಟ್ಟೆಯಡಿ ಮೊಟ್ಟೆ ಹೊತ್ತು ಅಲೆಯಂಚಿಗೆ ಹೋಗಿ ಅವನ್ನು ನೀರಿಗೆ ಬಿಡುತ್ತದೆ. ಮರಿಗಳು ವಾರಗಟ್ಟಲೆ ಕಡಲಲ್ಲಿ ತೇಲುತ್ತವೆ. ನಮ್ಮ ದ್ವೀಪದಿಂದ ಎಲ್ಲೆಲ್ಲಿಗೋ ಹೋದರೆ, ಬೇರೆ ತೀರದ ಮರಿಗಳೂ ಇಲ್ಲಿಗೆ ಬಂದರೆ, ಬೇರೆಯೇ ಜಾತಿ ಆಗುವುದು ಹೇಗೆ? ದ್ವೀಪದ ಸುತ್ತ ಸುಳಿಯುವ ಒಂದು ನೀರಿನ ಹರಿವು ಬೇಕು, ಮರಿಗಳನ್ನು ಮತ್ತೆ ಇಲ್ಲಿಗೇ ತರಲು. ನಕ್ಷೆಯಲ್ಲಿ ಅದನ್ನು ಸೇರಿಸು.

ಪೊರೆ ಬಿಡುವಾಗ ಮರಳುಹುಲಿ ಬಿಲದ ಬಾಯಿ ಮುಚ್ಚಿ ಒಳಗೆ ಮೆತ್ತಗೆ ಕೂತಿರುತ್ತದಲ್ಲ, ಆಗ ಅದನ್ನು ಅಗೆದು ತಿನ್ನುವವರೂ ಇರಬೇಕು. ಮರಿ ಕಳೆದುಕೊಳ್ಳುವ ಅದೇ ಹಕ್ಕಿಗೆ ಆ ಕೆಲಸ ಕೊಡೋಣ. ಉದ್ದ, ಬಾಗಿದ ಕೊಕ್ಕು ಇರಲಿ. ಅದರ ಚಿತ್ರ ಮೊದಲು ಬಿಡಿಸಿ ಕಳಿಸು.

ಇಂತಿ ನಿನ್ನ ಗೆಳೆಯ