ಮನೆಯವರು ಯಾರಲ್ಲಿ ಹೇಳಿಕೊಳ್ಳಬೇಕು?

ಸಂಪಾದಕರಿಗೆ,

ಮಾನ್ಯರೇ,

ಸೆಪ್ಟೆಂಬರ್ 11ರ ದಾಳಿಯ ಬಗ್ಗೆ ತಮ್ಮ ಪತ್ರಿಕೆಯ ಭಾನುವಾರದ ಸಂಚಿಕೆಯಲ್ಲಿ ಬಂದ ಲೇಖನವು ವಿಮಾನ ಅಪಹರಣಕಾರರನ್ನು ಬಡತನ ಮತ್ತು ಅವಿದ್ಯೆಯಿಂದ ದಾರಿ ತಪ್ಪಿದವರೆಂದು ಒಂದೇ ಮಾತಿನಲ್ಲಿ ಮುಗಿಸಿದೆ. ಅಂದು ವಿಮಾನಗಳನ್ನು ಹಾರಿಸಿದವರ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಮೊಹಮ್ಮದ್ ಅಟ್ಟಾ ಈಜಿಪ್ಟಿನ ವಕೀಲರೊಬ್ಬರ ಮಗ. ಕೈರೋದಲ್ಲಿ ವಾಸ್ತುಶಿಲ್ಪ ಕಲಿತು, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಗರ ಯೋಜನೆ ಓದಿ, ಸಿರಿಯಾದ ಅಲೆಪ್ಪೊ ನಗರದ ಮೇಲೆ ಪ್ರಬಂಧ ಬರೆದವನು. ನನ್ನನ್ನು ಅವನಿಗಿಂತ ಹೆಚ್ಚು ಕಾಡುವವನು ಅಂದು ಇನ್ನೊಂದು ವಿಮಾನವನ್ನು ಹಾರಿಸಿದ ಜಿಯಾದ್ ಜರ್ರಾ. ಓದಲೆಂದು ಮಕ್ಕಳನ್ನು ದೂರದೇಶಕ್ಕೆ ಕಳುಹಿಸುವ ನಮ್ಮ ಕರಾವಳಿಯ ಮನೆಗಳವರು ಅವನ ಬದುಕನ್ನು ನಿಧಾನವಾಗಿ ತಿಳಿದುಕೊಳ್ಳಬೇಕು.

1975ರಲ್ಲಿ ಲೆಬನಾನಿನ ಅನುಕೂಲಸ್ಥ ಕುಟುಂಬದಲ್ಲಿ ಹುಟ್ಟಿದ ಜರ್ರಾ ಓದಿದ್ದು ಕ್ರೈಸ್ತರ ಖಾಸಗಿ ಶಾಲೆಗಳಲ್ಲಿ. 1996ರಲ್ಲಿ ಜರ್ಮನಿಯ ಗ್ರೈಫ್ಸ್‌ವಾಲ್ಡ್ ಎಂಬ ಊರಿನ ಕಾಲೇಜಿಗೆ ಸೇರಿದಾಗ, ಪಾರ್ಟಿ, ಬಿಯರು, ಬೈರೂತ್‌ನ ಕಡಲತೀರಗಳ ಮಾತು ಎಂದರೆ ಅವನೇ. ದಂತವೈದ್ಯನಾಗಬೇಕೆಂದಿದ್ದ. ಟರ್ಕಿ ಮೂಲದ ಯುವತಿಯೊಬ್ಬಳನ್ನು ಅಲ್ಲಿಯೇ ಪ್ರೀತಿಸಿದ. ಆ ವರ್ಷದ ಕೊನೆಗೆ ಊರಿಗೆ ಹೋಗಿ ಬಂದವನಲ್ಲಿ ಬದಲಾವಣೆ ಕಾಣಿಸಿತೆಂದು ಅವನನ್ನು ಬಲ್ಲವರು ಹೇಳಿದ್ದು ಅಮೆರಿಕದ 9/11 ತನಿಖಾ ಆಯೋಗದ ವರದಿಯಲ್ಲಿದೆ. ಧರ್ಮಯುದ್ಧದ ಅರಬಿ ಕರಪತ್ರಗಳನ್ನು ಓದತೊಡಗಿದ, ತನ್ನ ಹಿಂದಿನ ಬದುಕಿನ ಬಗ್ಗೆ ಹೇಸತೊಡಗಿದ, ಸಹಜವಾದ ಸಾವು ತನಗೆ ಬೇಡ ಎನ್ನತೊಡಗಿದ. 1997ರಲ್ಲಿ ಇದ್ದಕ್ಕಿದ್ದಂತೆ ದಂತವೈದ್ಯದ ಯೋಚನೆ ಬಿಟ್ಟು ಹ್ಯಾಂಬರ್ಗ್‌ಗೆ ಹೋಗಿ ವಿಮಾನ ಎಂಜಿನಿಯರಿಂಗ್ ಸೇರಿಕೊಂಡ. ಚಿಕ್ಕಂದಿನಲ್ಲಿ ಆಟಿಕೆ ವಿಮಾನಗಳೊಂದಿಗೆ ಆಡುತ್ತಿದ್ದಾಗಿನಿಂದಲೂ ಈ ಆಸೆಯಿತ್ತು ಎಂದು ಆಕೆಗೆ ಕಾರಣ ಹೇಳಿದ.

ಹ್ಯಾಂಬರ್ಗ್‌ನಲ್ಲಿ ಅಟ್ಟಾನ ಗುಂಪಿಗೆ ಹತ್ತಿರವಾದ ಮೇಲೆ ಆಕೆಯನ್ನು ಹೊಸ ಗೆಳೆಯರಿಗೆ ಪರಿಚಯಿಸಲು ಅವನು ಒಪ್ಪಲಿಲ್ಲ. ತಲೆ ಮುಚ್ಚಿಕೊಳ್ಳದ ಆಕೆಯಿಂದ ತನಗೆ ಮುಜುಗರವಾಗುತ್ತದೆ ಎಂದ. 1999ರಲ್ಲಂತೂ ಧರ್ಮಯುದ್ಧಕ್ಕೆ ಹೋಗುವೆನೆಂದು ಬಾಯಿಬಿಟ್ಟೇ ಹೇಳಿದ. ಜಗಳವಾಡಿ ದೂರವಾಗುವುದು, ಮತ್ತೆ ಒಂದಾಗುವುದು ನಡೆದೇ ಇತ್ತು. ಈ ಗುಂಪು ಮೊದಲು ಹೊರಟಿದ್ದು ಚೆಚನ್ಯಾದಲ್ಲಿ ರಷ್ಯಾದ ವಿರುದ್ಧ ನಡೆಯುತ್ತಿದ್ದ ಯುದ್ಧಕ್ಕೆ. ಅಲ್ಲಿಗೆ ತಲುಪುವುದು ಕಷ್ಟ, ಮೊದಲು ಅಫ್ಘಾನಿಸ್ತಾನದಲ್ಲಿ ತರಬೇತಿ ಪಡೆಯಿರಿ ಎಂಬ ಸಲಹೆ ಸಿಕ್ಕಿ ಅವರ ದಾರಿ ಬದಲಾಯಿತು ಎನ್ನುತ್ತದೆ ವರದಿ. ಅಲ್ಲಿ ಬಿನ್ ಲಾಡೆನ್ ಅವರನ್ನು ಬೇರೆಯದೇ ಕೆಲಸಕ್ಕೆ ಆರಿಸಿಕೊಂಡ.

2000ದ ಆರಂಭದಲ್ಲಿ ಅಫ್ಘಾನಿಸ್ತಾನದಿಂದ ಮರಳಿದ ಜರ್ರಾ ಗಡ್ಡ ಬೋಳಿಸಿಕೊಂಡ. ಆಕೆಯೊಂದಿಗೆ ಮೊದಮೊದಲು ಇದ್ದಂತೆಯೇ ನಡೆದುಕೊಳ್ಳತೊಡಗಿದ. ಆಕೆಗೆ ಎಷ್ಟು ನೆಮ್ಮದಿಯಾಗಿರಬಹುದೆಂದು ಊಹಿಸಿದರೆ ಸಂಕಟವಾಗುತ್ತದೆ. ಪೈಲಟ್ ಆಗುವೆನೆಂದು ಅವನು ಫ್ಲೋರಿಡಾಕ್ಕೆ ಹೋದಾಗ ಆಕೆಯೂ ಅಲ್ಲಿಗೆ ಹೋಗಿ ಕೆಲವು ದಿನ ಇದ್ದು, ಒಮ್ಮೆ ಅವನ ತರಬೇತಿಗೂ ಜೊತೆಯಾಗಿದ್ದಳು. ಕಾಯಿಲೆ ಬಿದ್ದ ತಂದೆಯನ್ನು ನೋಡಲು ಅವನು ಲೆಬನಾನಿಗೂ ಹೋಗಿ ಬಂದ. 2001ರ ಜುಲೈ ಕೊನೆಗೆ, ಮರಳುವ ಟಿಕೆಟ್ ಇಲ್ಲದೆ ಆಕೆಯ ಬಳಿಗೆ ಹೊರಟಾಗ, ಇವನು ಕೈಬಿಟ್ಟೇ ಹೋಗುತ್ತಾನೇನೋ ಎಂದು ಸಂಚುಕೋರರೇ ಕಳವಳಗೊಂಡಿದ್ದರು. ಅಂದರೆ ಅವನನ್ನು ಈ ಕಡೆಗೆ ಎಳೆಯುವ ನಂಟು ಕೊನೆಯ ವಾರಗಳವರೆಗೂ ಪೂರ್ತಿ ಕಡಿದಿರಲಿಲ್ಲ. ಆದರೂ ಆಗಸ್ಟಿನಲ್ಲಿ ಹಿಂದಿರುಗಿದ. ಅವನು ಹಾರಿಸುತ್ತಿದ್ದ ಯುನೈಟೆಡ್ 93 ವಿಮಾನ, ಪ್ರಯಾಣಿಕರು ತಿರುಗಿಬಿದ್ದ ಬಳಿಕ, ಪೆನ್ಸಿಲ್ವೇನಿಯಾದ ಶ್ಯಾಂಕ್ಸ್‌ವಿಲ್ ಬಳಿಯ ಬಯಲಿಗೆ ಅಪ್ಪಳಿಸಿ, ಸಿಬ್ಬಂದಿಯೂ ಸೇರಿ 40 ಮಂದಿ ಅಮಾಯಕರು ಸತ್ತರು. ಆ 40 ಜೀವಗಳ ಮುಂದೆ ಅವನ ತುಮುಲಕ್ಕೆ ನಾನು ಯಾವ ರಿಯಾಯಿತಿಯನ್ನೂ ಕೇಳುತ್ತಿಲ್ಲ.

ಗಡ್ಡ, ನಮಾಜು, ಉಡುಪು ನೋಡಿ ಮನುಷ್ಯರನ್ನು ಅಳೆಯುವವರು ನಮ್ಮ ಜಿಲ್ಲೆಗಳಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಜರ್ರಾ ಗಡ್ಡ ತೆಗೆದದ್ದೇ ತೀರ್ಮಾನ ಗಟ್ಟಿಯಾದ ಮೇಲೆ. 2020ರ ಜನವರಿಯಲ್ಲಿ ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಸ್ಫೋಟಕವಿದ್ದ ಚೀಲ ಸಿಕ್ಕಾಗಲೂ ಊಹಾಪೋಹಗಳಿಗೆ ಕೊನೆಯಿರಲಿಲ್ಲ. ಕಡೆಗೆ ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದವನು ಆ ಊಹೆಗಳಿಗೆ ಎಲ್ಲೂ ಹೊಂದದ ವಿದ್ಯಾವಂತ. ಹೊಸ ಗೆಳೆಯರನ್ನು ಮನೆಯವರಿಂದ ಮುಚ್ಚಿಡುವುದು, ಓದನ್ನು ಕಾರಣವಿಲ್ಲದೆ ಬದಲಿಸುವುದು, ಸಾವನ್ನು ಹೊಗಳುವುದು, ಇವು ಯಾವ ಜಾತಿ ಧರ್ಮದ ಹುಡುಗನಲ್ಲಿ ಕಂಡರೂ ವಿಚಾರಿಸಬೇಕಾದ ಸಂಗತಿಗಳು. ಇವು ಮೊದಲು ಕಾಣುವುದು ಪೊಲೀಸರಿಗಲ್ಲ, ಜೊತೆಯಲ್ಲಿ ಬದುಕುವವರಿಗೆ. ಮಗನ ಮಾತು ಬೇರೆಯಾಗುತ್ತಿದೆ ಎಂದು ತಿಳಿದ ತಾಯಿ ಇಲ್ಲಿ ಯಾರಲ್ಲಿ ಹೋಗಿ ಹೇಳಬೇಕು? ಠಾಣೆಯ ಮೆಟ್ಟಿಲು ಹತ್ತಿದರೆ ಮಗನ ಮೇಲೆ ಕೇಸು ಬೀಳುವ ಭಯ, ನೆರೆಯವರಲ್ಲಿ ಬಾಯಿಬಿಟ್ಟರೆ ಸಂಜೆಯೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ.

ಜರ್ಮನಿಯಲ್ಲಿ ವಲಸೆ ಮತ್ತು ನಿರಾಶ್ರಿತರ ಫೆಡರಲ್ ಕಚೇರಿಯು 2012ರಲ್ಲಿ ಇಂತಹ ಮನೆಯವರಿಗಾಗಿಯೇ ದೂರವಾಣಿ ಸಲಹಾ ಕೇಂದ್ರ ತೆರೆಯಿತು. ಮಣಿಪಾಲ, ಸುರತ್ಕಲ್, ನಿಟ್ಟೆಯಂತಹ ವಿದ್ಯಾಕೇಂದ್ರಗಳೂ ನುರಿತ ಮನಃಶಾಸ್ತ್ರಜ್ಞರೂ ಇರುವ ನಮ್ಮ ಅವಳಿ ಜಿಲ್ಲೆಗಳಿಗೆ ಇದು ಅಸಾಧ್ಯವೇನಲ್ಲ. ಹೆಸರು ಗುಟ್ಟಾಗಿಟ್ಟು, ಎಲ್ಲ ಸಮುದಾಯಗಳ ಮನೆಯವರ ಮಾತನ್ನೂ ಸಹನೆಯಿಂದ ಕೇಳುವ ಅಂತಹದೊಂದು ಕೇಂದ್ರವನ್ನು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲಾಡಳಿತಗಳು ಕೂಡಿ ಆರಂಭಿಸಬೇಕು. ತಮ್ಮ ಪತ್ರಿಕೆ ಈ ಬೇಡಿಕೆಯನ್ನು ಅವುಗಳ ಮುಂದಿಡಬೇಕೆಂದು ವಿನಂತಿಸುತ್ತೇನೆ.

ಇತಿ,
ನಿವೃತ್ತ ಉಪನ್ಯಾಸಕಿ,
ಕುಂಜಿಬೆಟ್ಟು, ಉಡುಪಿ