ಅಮ್ಮ ಮನೆಗೆ ಬಂದ್ರು

ಆರು ವಾರ ಆದ್ಮೇಲೆ ನಿನ್ನೆ ಅಮ್ಮ ಡಿಸ್ಚಾರ್ಜ್ ಆದ್ರು. ಬಂದವ್ರೇ ತುಳಸಿಗೆ ನೀರು ಹಾಕಿಲ್ಲ ಅಂತ ಬೈದ್ರು, ಬೈಸ್ಕೊಂಡು ಇಷ್ಟು ಖುಷಿಯಾಗಿದ್ದು ಇದೇ ಮೊದ್ಲು. ಫೋನ್ ಮಾಡಿದ ಎಲ್ರಿಗೂ ಉತ್ತರ ಕೊಡೋಕಾಗಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಅಮ್ಮಂಗೆ ಚಿಕ್ಕವಯಸ್ಸಲ್ಲಿ ರುಮಾಟಿಕ್ ಜ್ವರ ಬಂದು ಹೃದಯದ ಮೈಟ್ರಲ್ ವಾಲ್ವ್ (ಕವಾಟ) ಆಗ್ಲೇ ಕೆಟ್ಟಿತ್ತು. ಈ ಸಲ ತಿಂಗಳಾದ್ರೂ ಜ್ವರ ಬಿಡ್ಲಿಲ್ಲ, ಸಂಜೆಯಾದ್ರೆ ಚಳಿ, ಊಟ ಸೇರ್ತಿರ್ಲಿಲ್ಲ. ಊರಿನ ಕ್ಲಿನಿಕ್ಕಲ್ಲಿ ಟೈಫಾಯ್ಡ್ ಅಂದ್ರು, ಆಂಟಿಬಯೋಟಿಕ್ ಕೊಟ್ರು, ನಾಲ್ಕು ದಿನ ಇಳಿಯೋದು ಮತ್ತೆ ಏರೋದು. ಆ ಮಾತ್ರೆ ನುಂಗಿದ್ದಕ್ಕೇ ಇರ್ಬೇಕು, ಆಮೇಲೆ ಮೂರು ಸಲ ರಕ್ತ ತಗೊಂಡ್ರೂ ಕಲ್ಚರಲ್ಲಿ, ಅಂದ್ರೆ ರಕ್ತದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಟೆಸ್ಟಲ್ಲಿ, ಏನೂ ಬೆಳೀಲಿಲ್ಲ. ಸಿಟ್ಟಿದೆ, ಇವತ್ತು ಬೇಡ ಬಿಡಿ.

ಮೊದಲ ಥ್ಯಾಂಕ್ಸ್ ವಾರ್ಡಲ್ಲಿದ್ದ ಪಿಜಿ ಡಾಕ್ಟರಮ್ಮಂಗೆ. ಎದೆ ಮೇಲೆ ಜೆಲ್ ಹಚ್ಚಿ ಮಾಡಿದ ಎಕೋದಲ್ಲಿ (ಹೃದಯದ ಸ್ಕ್ಯಾನ್) ಹಳೇ ತೊಂದ್ರೆ ಬಿಟ್ರೆ ಹೊಸದೇನೂ ಕಾಣ್ಲಿಲ್ಲ, ನಾವು ಅಬ್ಬಾ ಅಂದ್ಕೊಂಡ್ವಿ, ಅವ್ರು ಮಾತ್ರ ಅಮ್ಮನ ಉಗುರಿನಡಿ ಇದ್ದ ಸಣ್ಣ ಕಂದು ಗೆರೆ ನೋಡಿ ಹೃದಯದ ಸೋಂಕಿನ ಅನುಮಾನ ಬಂದು, ಗಂಟಲಿಂದ ಪೈಪ್ ಬಿಟ್ಟು ಮಾಡೋ ಎಕೋ ಆಗ್ಲೇಬೇಕು ಅಂತ ಪಟ್ಟು ಹಿಡಿದ್ರು. "ರಿಪೋರ್ಟ್ ಸರಿ ಇದ್ಯಲ್ಲ ಮೇಡಂ, ಅವ್ರಿಗ್ಯಾಕೆ ಹಿಂಸೆ" ಅಂತ ನಾನು ವಾದ ಮಾಡ್ದೆ, ಈಗ ನಾಚಿಕೆ ಆಗತ್ತೆ. ಪಾಪ, ಚೀಟಿ ಹಿಂದೆ ಚಿತ್ರ ಬರೆದು ತೋರಿಸಿದ್ರು: ಅನ್ನನಾಳ ಹೃದಯದ ಬೆನ್ನಿಗೇ ಒರಗಿಕೊಂಡಂಗಿದೆ, ಅಲ್ಲಿಂದ ನೋಡಿದ್ರೆ ಪಕ್ಕೆಲುಬು, ಶ್ವಾಸಕೋಶ ಯಾವ್ದೂ ಅಡ್ಡ ಬರಲ್ಲ, ಹೊರಗಿಂದ ತಪ್ಪಿಸ್ಕೊಳ್ಳೋ ಚೂರೂ ಸಿಗತ್ತೆ.

ಸಿಕ್ತು. ವಾಲ್ವಿಗೆ ಅಂಟ್ಕೊಂಡು 8 ಮಿಲಿಮೀಟರ್ ಗಂಟು, ಸ್ಕ್ರೀನಲ್ಲಿ ಪ್ರತಿ ಬಡಿತಕ್ಕೂ ಮುಳ್ಳಿಗೆ ಸಿಕ್ಕ ಚಿಂದಿಬಟ್ಟೆ ತರ ಆಡ್ತಿತ್ತು. ವೆಜಿಟೇಷನ್ ಅಂತಾರಂತೆ, ನಮ್ಮ ಚಿಕ್ಕಪ್ಪ ತರಕಾರಿ ಅಂತಾನೇ ಎಲ್ರಿಗೂ ಹೇಳ್ಕೊಂಡು ಬಂದ್ರು. ಕಾಯಿಲೆ ಹೆಸ್ರು ಇನ್ಫೆಕ್ಟಿವ್ ಎಂಡೋಕಾರ್ಡೈಟಿಸ್, ಹೃದಯದ ಒಳಪದರಕ್ಕೆ ಸೋಂಕು. ಆ ಗಂಟು ಚೂರಾಗಿ ಮೆದುಳಿಗೆ ಹೋಗಿದ್ರೆ ಸ್ಟ್ರೋಕ್ ಆಗ್ಬಹುದಿತ್ತು ಅಂತ ಆಮೇಲೆ ಗೊತ್ತಾಯ್ತು.

ಎಕೋ ರೂಮಲ್ಲಿ ಗಂಟಲಿಗೆ ಸ್ಪ್ರೇ ಹೊಡೆದು, ನುಂಗಿ ಅಜ್ಜಿ ನುಂಗಿ ಅಂತ ಅಮ್ಮನ ಕೈ ಹಿಡ್ಕೊಂಡಿದ್ದ ಸಿಸ್ಟರ್‌ಗೆ, ನರ ಸಿಗದೆ ಕೈಯೆಲ್ಲ ಊದಿದ್ರೂ ದಿನಾ ನಗಿಸ್ಕೊಂಡೇ ಇಂಜೆಕ್ಷನ್ ಹಾಕಿದ ನೈಟ್ ಡ್ಯೂಟಿ ಹುಡುಗೀರಿಗೆ, ರಾತ್ರಿ ಬೆಂಚು ಬಿಟ್ಕೊಟ್ಟ ಸೆಕ್ಯುರಿಟಿ ಅಣ್ಣಂಗೆ, ಗಂಜಿ ತಂದ ಪಕ್ಕದ್ಮನೆ ಅಕ್ಕಂಗೆ, ಎಲ್ರಿಗೂ ಋಣಿ.

ಇನ್ಮೇಲೆ ಹಲ್ಲು ಕೀಳಿಸ್ಬೇಕಾದ್ರೆ ಮುಂಚೆನೇ ಆಂಟಿಬಯೋಟಿಕ್ ತಗೋಬೇಕಂತೆ. ಮುಂದಿನ ತಿಂಗಳು ಮತ್ತೆ ಎಕೋ ಇದೆ, ಡಾಕ್ಟರಮ್ಮಂಗೆ ಕೋಡುಬಳೆ ಒಯ್ಬೇಕು ಅಂತ ಅಮ್ಮ ಈಗ್ಲೇ ಅಕ್ಕಿ ನೆನೆಹಾಕೋ ಮಾತಾಡ್ತಿದಾರೆ.